ಹೆವಿ ಲೈಸೆನ್ಸ್ ಮಾಡಿಸುವುದು ಹೇಗೆ: ಕೋಲಾರದ ಹುಡುಗರಿಗೊಂದು ಮಾರ್ಗದರ್ಶಿ

ಟೊಮೆಟೊ ಸೀಸನ್ನಿನಲ್ಲಿ ಕೋಲಾರ ಎಪಿಎಂಸಿ ಯಾರ್ಡಿನ ಹೊರಗೆ ಸಾಲುಗಟ್ಟಿ ನಿಂತ ಲಾರಿಗಳ ಯಾವ ಕ್ಲೀನರ್ ಹುಡುಗನನ್ನು ಮಾತಾಡಿಸಿದರೂ ಉತ್ತರ ಹೆಚ್ಚುಕಡಿಮೆ ಒಂದೇ: "ಓಡಿಸೋದೆಲ್ಲ ಬರ್ತದಣ್ಣ, ಲೈಸೆನ್ಸ್ ಒಂದು ಆಗ್ಬೇಕು." ಲೈಸೆನ್ಸ್ ಅಂದರೆ ನಾಲ್ಕು ದಿನದ ಓಡಾಟ, ಒಂದಿಷ್ಟು ದುಡ್ಡು, ಅಷ್ಟೇ ಎಂದು ಅವನ ಲೆಕ್ಕ. ವಿಚಾರಿಸಿದ ಮೇಲೆ ಗೊತ್ತಾಗುತ್ತದೆ: ಕೈಯಲ್ಲಿ ಕಾರಿನ ಲೈಸೆನ್ಸೂ ಇಲ್ಲದಿದ್ದರೆ ಹೆವಿ ಲೈಸೆನ್ಸ್ ಕೈಗೆ ಬರಲು ಕಡಿಮೆಯೆಂದರೂ ಹದಿನಾಲ್ಕು ತಿಂಗಳು ಬೇಕು.

ಇದು ಯಾವ ಆಫೀಸಿನ ಸತಾಯಿಸುವಿಕೆಯೂ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಎರಡು ಷರತ್ತುಗಳಿವೆ. ಒಂದು, ಲಾರಿಯಂಥ ಟ್ರಾನ್ಸ್‌ಪೋರ್ಟ್ ವಾಹನ ಓಡಿಸುವವನಿಗೆ 20 ವರ್ಷ ತುಂಬಿರಬೇಕು. ಎರಡು, ಲಘು ವಾಹನದ, ಅಂದರೆ ಕಾರಿನ ಡಿಎಲ್ (ಪಕ್ಕಾ ಡ್ರೈವಿಂಗ್ ಲೈಸೆನ್ಸ್) ಸಿಕ್ಕು ಕನಿಷ್ಠ ಒಂದು ವರ್ಷ ಆಗಿರಬೇಕು. ಅಲ್ಲಿಯತನಕ ಹೆವಿಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಕೂಡ ಕೊಡುವಂತಿಲ್ಲ. ಬೈಕಿನ ಲೈಸೆನ್ಸ್ ಹತ್ತು ವರ್ಷದ್ದಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಎಲ್‌ಎಲ್ ಮಾಡಿಸಿದ ದಿನದಿಂದಲೂ ಎಣಿಸುವುದಿಲ್ಲ. ಡಿಎಲ್ ಕೊಟ್ಟ ತಾರೀಕಿನಿಂದಲೇ ವರ್ಷ ಶುರು.

ಆದ್ದರಿಂದ ಮೊದಲ ಹೆಜ್ಜೆ ಲಾರಿಯ ಹತ್ತಿರವೇ ಸುಳಿಯುವುದಿಲ್ಲ. ಮನೆಯಲ್ಲಿ ಹದಿನೆಂಟು ತುಂಬಿದ ಹುಡುಗನಿದ್ದು ಬೈಕ್ ಲೈಸೆನ್ಸ್ ಮಾಡಿಸಲು ಹೊರಟಿದ್ದೀರಾ? ಅದೇ ಅರ್ಜಿಯಲ್ಲಿ ಕಾರಿನದಕ್ಕೂ ಗುರುತು ಹಾಕಿಸಿ. ಕೇಂದ್ರದ ನಿಯಮದಲ್ಲಿರುವ ಶುಲ್ಕ ಎಲ್‌ಎಲ್‌ಗೆ ಒಂದು ವರ್ಗಕ್ಕೆ 150 ರೂಪಾಯಿ, ಡ್ರೈವಿಂಗ್ ಟೆಸ್ಟಿಗೆ ವರ್ಗವೊಂದಕ್ಕೆ 300. ಇಷ್ಟು ಉಳಿಸಲು ಹೋದವನು ಇಪ್ಪತ್ತನೇ ವಯಸ್ಸಿಗೆ ಲಾರಿ ಹತ್ತುವ ಬದಲು ಇಪ್ಪತ್ತೊಂದು ದಾಟಿದರೂ ಕ್ಲೀನರ್ ಸೀಟಿನಲ್ಲೇ ಕೂತಿರಬೇಕಾಗುತ್ತದೆ.

ನಿಮಗೆ ಹೆವಿ ಲೈಸೆನ್ಸೇ ಬೇಕಾ? ಆರ್‌ಸಿ ನೋಡಿ

ಎಷ್ಟೋ ಜನ ಬೇಡದ ಲೈಸೆನ್ಸಿಗೆ ಓಡಾಡುತ್ತಾರೆ, ಬೇಕಾದವರು ಇಲ್ಲದೆಯೇ ಓಡಿಸುತ್ತಾರೆ. ಇದನ್ನು ಚಕ್ರ ಎಣಿಸಿ ತೀರ್ಮಾನಿಸಬೇಡಿ, ಗಾಡಿಯ ಹೆಸರು ನೋಡಿಯೂ ತೀರ್ಮಾನಿಸಬೇಡಿ. ಗೂಡ್ಸ್ ಗಾಡಿಯ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಎರಡು ತೂಕ ಇರುತ್ತವೆ: ಖಾಲಿ ಗಾಡಿಯದ್ದೊಂದು, ಲೋಡ್ ಸೇರಿಸಿ ಗಾಡಿ ಹೊರಬಹುದಾದ ಒಟ್ಟು ತೂಕ ಇನ್ನೊಂದು. ಆ ಎರಡನೆಯದು 7,500 ಕೆ.ಜಿ. ಒಳಗಿದ್ದರೆ ಅದು ಲಘು ವಾಹನವೇ, ನಂಬರ್ ಪ್ಲೇಟ್ ಹಳದಿ ಇದ್ದರೂ ಸರಿ.

ಟಾಟಾ ಏಸ್, ಬೊಲೆರೊ ಪಿಕಪ್, 407 ಇವೆಲ್ಲ ಈ ಗೆರೆಯ ಒಳಗೇ ಬರುತ್ತವೆ. ಇವನ್ನು ಕಾರಿನ ಲೈಸೆನ್ಸಿನಲ್ಲೇ ಬಾಡಿಗೆಗೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಹೇಳಿತು. ವಿಮಾ ಕಂಪನಿಗಳು ಅದನ್ನು ಒಪ್ಪದೆ ಎಳೆದಾಡಿದವು. ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದೇ ಮಾತನ್ನು ಎತ್ತಿಹಿಡಿಯಿತು. ಹಾಗಾಗಿ ಶ್ರೀನಿವಾಸಪುರದ ತೋಟದಿಂದ ಕೋಲಾರ ಯಾರ್ಡಿಗೆ ಪಿಕಪ್‌ನಲ್ಲಿ ಬಾಕ್ಸ್ ಹೊಡೆಯುವವನು ಹೆವಿ ಲೈಸೆನ್ಸಿಗೆ ಅಲೆಯಬೇಕಿಲ್ಲ.

ತೊಡಕು ಬರುವುದು ಈಚರ್‌ನಂಥ ಗಾಡಿಗಳಲ್ಲಿ. ನಮ್ಮ ಕಡೆ ಮಧ್ಯಮ ಗಾತ್ರದ ಲಾರಿಗೆಲ್ಲ 'ಈಚರ್' ಅನ್ನುವುದು ರೂಢಿ. ಆದರೆ ಆ ಹೆಸರಿನಲ್ಲೇ ಐದು ಟನ್ ಒಳಗಿನದೂ ಇದೆ, ಹತ್ತು ಟನ್ ಮೀರಿದ್ದೂ ಇದೆ, ಹೊರಗಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಮಾಲೀಕರು "ಇದಕ್ಕೇನೂ ಬೇಡ, ಓಡ್ಸು" ಅಂದರೂ ಆರ್‌ಸಿ ಕೇಳಿ ನೋಡಿ. 7,500 ದಾಟಿದ್ದರೆ ಬೇಕೇ ಬೇಕು.

ಮೊದಲು ಮೀಡಿಯಂ, ಆಮೇಲೆ ಹೆವಿ ಎಂದು ಎರಡು ಸಲ ಮಾಡಿಸಬೇಕೆ ಎಂದು ಕೇಳುವವರಿದ್ದಾರೆ. ಬೇಕಿಲ್ಲ, 1994ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಇವೆಲ್ಲ ಸೇರಿ 'ಟ್ರಾನ್ಸ್‌ಪೋರ್ಟ್ ವಾಹನ' ಎಂಬ ಒಂದೇ ವರ್ಗ. ಇನ್ನು ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮ: ಅದನ್ನು 2019ರ ಸೆಪ್ಟೆಂಬರಿನಲ್ಲೇ ತೆಗೆದುಹಾಕಿದ್ದಾರೆ. ಓದು ಬಿಟ್ಟವರ ಹತ್ತಿರ ಮಾರ್ಕ್ಸ್ ಕಾರ್ಡ್ 'ಅರೇಂಜ್' ಮಾಡುತ್ತೇನೆಂದು ಇವತ್ತಿಗೂ ದುಡ್ಡು ಕೇಳುವವರಿದ್ದರೆ, ಅಲ್ಲಿಂದ ಎದ್ದು ಬನ್ನಿ.

ಕಾಯುವ ಆ ಒಂದು ವರ್ಷ

ಕಾರಿನ ಡಿಎಲ್ ಬಂತು, ಇನ್ನೊಂದು ವರ್ಷ ಏನು ಮಾಡುವುದು? ಪಿಕಪ್ ಓಡಿಸಿ. ಕಾನೂನುಬದ್ಧವಾಗಿಯೇ ದುಡಿಯಬಹುದು, ಲೋಡ್ ಇದ್ದಾಗ ಬ್ರೇಕ್ ಎಷ್ಟು ದೂರಕ್ಕೆ ಹಿಡಿಯುತ್ತದೆ, ಖಾಲಿ ಇದ್ದಾಗ ಎಷ್ಟಕ್ಕೆ ಎಂಬುದು ಕಾಲಿಗೆ ಗೊತ್ತಾಗುತ್ತದೆ. ಮುಂದೆ ಯಾವ ಮಾಲೀಕರೂ ಕೇಳುವ 'ಎಕ್ಸ್‌ಪೀರಿಯನ್ಸ್' ಇಲ್ಲಿಂದಲೇ ಶುರುವಾಗಲಿ.

ಮಾಡಬಾರದ್ದು ಒಂದಿದೆ. ರಾತ್ರಿ ಹೆದ್ದಾರಿಯಲ್ಲಿ ಡ್ರೈವರಣ್ಣ ಹಿಂದಿನ ಸೀಟಿನಲ್ಲಿ ಮಲಗಿ, ಕ್ಲೀನರ್ ಕೈಗೆ ಸ್ಟೀರಿಂಗ್ ಕೊಡುವುದು. ತಲೆಮಾರುಗಳಿಂದ ಲಾರಿ ಕಲಿತಿರುವುದೇ ಹೀಗೆ, ನಿಜ. ಆದರೆ ಆ ಹೊತ್ತಿನಲ್ಲಿ ಯಾರಿಗಾದರೂ ಗಾಡಿ ತಗುಲಿದರೆ ವಿಮಾ ಕಂಪನಿಯವರು ಮೊದಲು ಕೇಳುವುದು ಸ್ಟೀರಿಂಗ್ ಹಿಂದೆ ಇದ್ದವನ ಡಿಎಲ್. ಅದು ಇಲ್ಲದಿದ್ದರೆ ಸತ್ತವರ ಮನೆಯವರಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕರಿಂದ ವಾಪಸ್ ವಸೂಲಿ ಮಾಡಲು ಕೋರ್ಟು ಅವಕಾಶ ಕೊಡುತ್ತದೆ. ಒಂದು ಲಾರಿ ಇಟ್ಟುಕೊಂಡು ಬದುಕುವ ಮಾಲೀಕ ಅಲ್ಲಿಗೆ ಮುಗಿದ. ಲೈಸೆನ್ಸ್ ಇಲ್ಲದೆ ಓಡಿಸಿದವನಿಗೂ, ಓಡಿಸಲು ಬಿಟ್ಟವನಿಗೂ ಕಾಯ್ದೆಯಲ್ಲಿ ಐದು ಸಾವಿರ ದಂಡ ಅಥವಾ ಮೂರು ತಿಂಗಳವರೆಗಿನ ಜೈಲು ಅಥವಾ ಎರಡೂ ಇವೆ. ದಂಡಕ್ಕಿಂತ ಹೆದರಬೇಕಾದ್ದು ಆ ವಸೂಲಿಗೆ.

ಡಾಕ್ಟರ ಸರ್ಟಿಫಿಕೇಟ್

ವರ್ಷ ತುಂಬಿತು, ಇಪ್ಪತ್ತೂ ಆಯಿತು. ಈಗ ಫಾರಂ 1ಎ. ಕಾರಿನ ಲೈಸೆನ್ಸಿಗೆ ನಲವತ್ತರ ಒಳಗಿನವರು 'ನಾನು ಆರೋಗ್ಯವಾಗಿದ್ದೇನೆ' ಎಂದು ತಾವೇ ಬರೆದುಕೊಟ್ಟರೆ ಸಾಕು. ಟ್ರಾನ್ಸ್‌ಪೋರ್ಟಿಗೆ ವಯಸ್ಸು ಎಷ್ಟೇ ಇರಲಿ, ನೋಂದಾಯಿತ ವೈದ್ಯರು ಪರೀಕ್ಷಿಸಿ ಈ ಫಾರಂ ತುಂಬಬೇಕು. ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಬಣ್ಣ ಗುರುತಿಸುತ್ತಾನೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ, ಮೂರ್ಛೆರೋಗ ಇದೆಯೇ, ಇಷ್ಟೂ ಅದರಲ್ಲಿವೆ.

ಇದನ್ನು ಸಹಿ ಹಾಕಿಸುವ ಕೆಲಸ ಎಂದುಕೊಳ್ಳಬೇಡಿ ಅನ್ನುವುದು ನನ್ನ ಒತ್ತಾಯ. ಅರ್ಜಿಗೆ ಮೊದಲೇ ಒಬ್ಬ ಕಣ್ಣಿನ ಡಾಕ್ಟರನ್ನು ನೋಡಿ ಬನ್ನಿ. ಕನ್ನಡಕ ಬಂದರೆ ಬರಲಿ, ಅದರಿಂದ ಲೈಸೆನ್ಸ್ ತಪ್ಪುವುದಿಲ್ಲ. ಎದುರು ಗಾಡಿಯ ಬೆಳಕಿಗೆ ಕಣ್ಣು ಕೋರೈಸಿ ನಾಲ್ಕು ಕ್ಷಣ ಏನೂ ಕಾಣದವನು ಟೊಮೆಟೊ ತುಂಬಿಕೊಂಡು ಉತ್ತರ ಭಾರತದ ಮಾರ್ಕೆಟ್ಟಿಗೆ ರಾತ್ರಿಯಿಡೀ ಓಡಿಸುತ್ತಾನೆ ಅಂದರೆ ನನಗೆ ಎದೆ ಝಲ್ಲೆನ್ನುತ್ತದೆ.

ಸಾರಥಿಯಲ್ಲಿ ಅರ್ಜಿ, ಎಲ್‌ಎಲ್

ಈ ಭಾಗ ಸುಲಭ. ಪರಿವಾಹನ್ ಜಾಲತಾಣದ 'ಸಾರಥಿ' ವಿಭಾಗದಲ್ಲಿ ಕರ್ನಾಟಕ ಆರಿಸಿ, ಹಳೆಯ ಡಿಎಲ್ ನಂಬರ್ ಮತ್ತು ಹುಟ್ಟಿದ ತಾರೀಕು ಕೊಟ್ಟು ಟ್ರಾನ್ಸ್‌ಪೋರ್ಟ್ ವರ್ಗಕ್ಕೆ ಎಲ್‌ಎಲ್ ಅರ್ಜಿ ಹಾಕಬೇಕು. ಫಾರಂ 1ಎ, ವಿಳಾಸದ ದಾಖಲೆ, ಫೋಟೊ, ಸಹಿ ಏರಿಸಿ, ಶುಲ್ಕ ಕಟ್ಟಿ. ಒಟ್ಟು ಎಷ್ಟು ಎಂಬುದು ಪರದೆಯ ಮೇಲೇ ಬರುತ್ತದೆ, ರಸೀದಿಯೂ ಬರುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ಮಧ್ಯವರ್ತಿಯ ಜೇಬಿಗೆ ಎಂದು ತಿಳಿಯಿರಿ. ಸ್ವಂತ ಮೊಬೈಲ್ ನಂಬರನ್ನೇ ಕೊಡಿ. ಸೈಬರ್ ಅಂಗಡಿಯವನ ನಂಬರ್ ಕೊಟ್ಟರೆ ಮುಂದಿನ ಪ್ರತಿ ಓಟಿಪಿಗೂ ಅವನ ಅಂಗಡಿ ಬಾಗಿಲು ಕಾಯಬೇಕು.

ಜಿಲ್ಲೆಯ ಆರ್‌ಟಿಓ ಕಚೇರಿಗಳ ನಂಬರ್ ಕೋಲಾರಕ್ಕೆ ಕೆಎ-07, ಕೆಜಿಎಫ್‌ಗೆ ಕೆಎ-08. ಪಕ್ಕದ ಚಿಕ್ಕಬಳ್ಳಾಪುರದ್ದು 40, ಚಿಂತಾಮಣಿಯದ್ದು 67. 2019ರ ತಿದ್ದುಪಡಿಯ ಪ್ರಕಾರ ನೀವು ವಾಸವಿರುವ ರಾಜ್ಯದ ಯಾವುದೇ ಲೈಸೆನ್ಸಿಂಗ್ ಕಚೇರಿಗೆ ಅರ್ಜಿ ಹಾಕಬಹುದು. ಆದರೂ ಟೆಸ್ಟ್ ದಿನ ಲಾರಿ ತರಬೇಕಾದವರು ಡ್ರೈವಿಂಗ್ ಸ್ಕೂಲಿನವರು, ಹಾಗಾಗಿ ಅವರಿಗೆ ಹತ್ತಿರದ ಕಚೇರಿಯನ್ನೇ ಆರಿಸಿಕೊಳ್ಳುವುದು ಜಾಣತನ.

ಎಲ್‌ಎಲ್‌ನ ಅವಧಿ ಆರು ತಿಂಗಳು. ಸಿಕ್ಕ 30 ದಿನದ ನಂತರ, ಆ ಆರು ತಿಂಗಳ ಒಳಗೆ ಟೆಸ್ಟ್ ಕೊಡಬೇಕು. ಈ ಅವಧಿಯಲ್ಲಿ ಹಿಂದೆ ಮುಂದೆ 'ಎಲ್' ಬೋರ್ಡ್, ಪಕ್ಕದಲ್ಲಿ ಗಾಡಿ ನಿಲ್ಲಿಸುವಷ್ಟು ಕೈಗೆಟುಕುವಂತೆ ಲೈಸೆನ್ಸ್ ಇರುವ ಗುರು, ಇವೆರಡೂ ಇದ್ದರೆ ಮಾತ್ರ ರಸ್ತೆಗೆ ಇಳಿಯಬೇಕು. ಎಲ್‌ಎಲ್ ಇಟ್ಟುಕೊಂಡು ಬಾಡಿಗೆಗೆ ಹೋಗುವಂತಿಲ್ಲ.

ಸ್ಕೂಲು: ಇಲ್ಲಿ ಅವಸರ ಬೇಡ

ಹೆವಿ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲಿನ ಫಾರಂ 5 ಸರ್ಟಿಫಿಕೇಟ್ ಕಡ್ಡಾಯ. ಚಿಕ್ಕಪ್ಪನ ಲಾರಿಯಲ್ಲಿ ಐದು ವರ್ಷ ಕಲಿತಿದ್ದರೂ ಕಡ್ಡಾಯವೇ. ಟ್ರಾನ್ಸ್‌ಪೋರ್ಟ್ ವಾಹನದ ತರಬೇತಿ ಕನಿಷ್ಠ 30 ದಿನ, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸುವುದೇ ಕನಿಷ್ಠ 15 ಗಂಟೆ ಇರಬೇಕು ಎನ್ನುತ್ತದೆ ನಿಯಮ.

ದುಡ್ಡು ಕಟ್ಟುವ ಮೊದಲು ಮೂರು ವಿಷಯ ಕೇಳಿ. ನಿಮ್ಮದೇ ಹೆವಿ ಗಾಡಿ ಇದೆಯಾ, ಅದಕ್ಕೆ ಗುರುವಿನ ಕಡೆಯೂ ಬ್ರೇಕ್-ಕ್ಲಚ್ ಇದೆಯಾ, ತೋರಿಸಿ. ಒಂದು ದಿನಕ್ಕೆ ಒಂದು ಗಾಡಿಯಲ್ಲಿ ಎಷ್ಟು ಜನ ಕಲಿಯುತ್ತಾರೆ? ಟೆಸ್ಟಿಗೆ ಇದೇ ಗಾಡಿಯಾ? "ಬರೋದೇ ಬೇಡ ಸಾರ್, ಸರ್ಟಿಫಿಕೇಟ್ ಕೊಡ್ತೀವಿ" ಎನ್ನುವ ಸ್ಕೂಲು ಅಗ್ಗವಾಗಿ ಕಾಣುತ್ತದೆ. ನೀವು ನಿಜವಾಗಿ ಲಾರಿ ಡ್ರೈವರ್ ಆಗಬೇಕೆಂದಿದ್ದರೆ ಅಷ್ಟು ದುಬಾರಿ ಸ್ಕೂಲು ಇನ್ನೊಂದಿಲ್ಲ.

ಆ ಹದಿನೈದು ಗಂಟೆಯಲ್ಲಿ ಏನು ಕಲಿಯಬೇಕು? ಗೇರು, ಸ್ಟೀರಿಂಗು ಹೇಗೂ ಕೈಗೆ ಬರುತ್ತದೆ. ಕೇಳಿ ಕೇಳಿ ಕಲಿಯಬೇಕಾದ್ದು ಕೆಳಗಿನವು.

ಏರ್ ಬ್ರೇಕ್. ಕಾರಿನ ಬ್ರೇಕಿನಲ್ಲಿ ಎಣ್ಣೆ ಕೆಲಸ ಮಾಡಿದರೆ ದೊಡ್ಡ ಲಾರಿಯಲ್ಲಿ ಗಾಳಿ ಕೆಲಸ ಮಾಡುತ್ತದೆ. ಎಂಜಿನ್ ಓಡುತ್ತಿದ್ದಂತೆ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ. ರಾತ್ರಿ ನಿಂತ ಲಾರಿಯಲ್ಲಿ ಗಾಳಿ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಹೊರಡುವಂತಿಲ್ಲ. ಗೇಜಿನ ಮುಳ್ಳು ಮೇಲೆ ಬಂದು, ಎಚ್ಚರಿಕೆಯ ಬಜರ್ ನಿಂತ ಮೇಲೆಯೇ ಹ್ಯಾಂಡ್‌ಬ್ರೇಕ್ ಬಿಡಬೇಕು. ಸ್ಪ್ರಿಂಗ್ ಬ್ರೇಕ್ ಇರುವ ಲಾರಿಗಳಲ್ಲಿ ಆ ಹ್ಯಾಂಡ್‌ಬ್ರೇಕನ್ನು ಬಿಡಿಸಿ ಹಿಡಿದಿರುವುದೇ ಗಾಳಿ. ದಾರಿಯಲ್ಲಿ ಪೈಪ್ ಒಡೆದು ಗಾಳಿ ಹೋದರೆ ಸ್ಪ್ರಿಂಗ್ ಬಿಗಿದು ಚಕ್ರ ಹಿಡಿದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಸೇರುವ ನೀರನ್ನು ದಿನಾ ಬಿಟ್ಟುಬಿಡುವ ಅಭ್ಯಾಸವನ್ನೂ ಗುರುವಿನ ಹತ್ತಿರವೇ ಕಲಿತುಕೊಳ್ಳಿ.

ಇಳಿಜಾರು. ನಮ್ಮ ಜಿಲ್ಲೆಯ ರಸ್ತೆಗಳು ಬಹುಪಾಲು ಸಮತಟ್ಟು, ಹಾಗಾಗಿ ಇಲ್ಲಿ ಕಲಿತವರಿಗೆ ಘಾಟಿಯ ಭಯ ಗೊತ್ತಿರುವುದಿಲ್ಲ. ಮುಳಬಾಗಿಲು, ನಂಗಲಿ ದಾಟಿ ಆಂಧ್ರಕ್ಕೆ ಹೋದರೆ ಪಲಮನೇರಿನಿಂದ ಚಿತ್ತೂರಿನ ಕಡೆ ಇಳಿಯುವ ಮೊಗಿಲಿ ಘಾಟಿ ಸಿಗುತ್ತದೆ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಹಾಕಿ ಇಳಿಸುವ ಹಳೆಯ ಚಾಳಿ ಇಂಥ ಕಡೆ ಜೀವ ತೆಗೆಯುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಲೈನರ್ ಕಾದು ಹಿಡಿತ ತಪ್ಪುತ್ತದೆ. ಪೆಡಲ್ ಎಷ್ಟು ತುಳಿದರೂ ಲಾರಿ ನಿಲ್ಲುವುದಿಲ್ಲ. ಇಳಿಯುವ ಮೊದಲೇ, ಮೇಲಿರುವಾಗಲೇ, ಕೆಳಗಿನ ಗೇರಿಗೆ ಬರಬೇಕು. ಎಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದನ್ನು ಬಳಸಿ. ಅರ್ಧ ಇಳಿದ ಮೇಲೆ ಗೇರ್ ಇಳಿಸಲು ಹೋದರೆ ಬೀಳುವುದೇ ಇಲ್ಲ.

ಹಿಂಬದಿ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತವೆ. ಅಲ್ಲೊಂದು ಬೈಕ್ ನುಸುಳಿದ್ದರೆ ಮುಗಿಯಿತು. ಅದೇ ಹೊತ್ತಿಗೆ ಬಾಡಿಯ ಬಾಲ ಬಲಕ್ಕೆ ಬೀಸುತ್ತದೆ. ಎರಡೂ ಕನ್ನಡಿ ನೋಡದೆ ತಿರುಗಿಸಬಾರದು. ಕ್ಲೀನರ್ "ರೈಟ್ ರೈಟ್" ಅಂದ ಮಾತ್ರಕ್ಕೆ ಕನ್ನಡಿ ಬಿಡಬೇಡಿ.

ಇನ್ನೊಂದು ದಾರಿಯೂ ಇದೆ. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಅಂಥ ಕೇಂದ್ರದಲ್ಲಿ ಹೆವಿಗೆ ಆರು ವಾರ, 38 ಗಂಟೆಯ ಕೋರ್ಸ್. ಪಾಸಾದರೆ ಆರ್‌ಟಿಓ ಟೆಸ್ಟಿನಿಂದ ವಿನಾಯಿತಿ ಉಂಟು. ಸಾಮಾನ್ಯ ಸ್ಕೂಲಿನವರು ತಮ್ಮದೂ ಅದೇ ಎಂದು ಹೇಳಿಕೊಂಡರೆ ಮಾನ್ಯತೆಯ ಪತ್ರ ಕೇಳಿ.

ಟೆಸ್ಟ್ ದಿನ

ಸಾರಥಿಯಲ್ಲೇ ಸ್ಲಾಟ್ ಹಿಡಿಯಿರಿ. ಆ ದಿನ ಎಲ್‌ಎಲ್, ಹಳೆಯ ಡಿಎಲ್, ಫಾರಂ 5 ನಿಮ್ಮ ಕೈಯಲ್ಲಿರಲಿ. ತರುವ ಲಾರಿಯ ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ), ಎಮಿಷನ್ ಇವುಗಳ ತಾರೀಕನ್ನು ಹಿಂದಿನ ದಿನವೇ ನೋಡಿಕೊಳ್ಳಿ, ಗಾಡಿಯ ಕಾಗದ ಸರಿಯಿಲ್ಲ ಎಂದು ವಾಪಸ್ ಬರುವುದಕ್ಕಿಂತ ಬೇಸರ ಇನ್ನಿಲ್ಲ.

ಬ್ರೇಕ್ ಇನ್‌ಸ್ಪೆಕ್ಟರ್ ಎಂದು ನಾವು ಕರೆಯುವ ಮೋಟಾರು ವಾಹನ ನಿರೀಕ್ಷಕರು ನೋಡುವುದು ವೇಗವನ್ನಲ್ಲ. ಹತ್ತಿದ ಕೂಡಲೇ ಕನ್ನಡಿ ಸರಿಮಾಡಿಕೊಂಡನೇ, ಸೀಟ್ ಬೆಲ್ಟ್ ಹಾಕಿದನೇ, ಎಳೆಯದೆ ಹೊರಡಿಸಿದನೇ, ತಿರುವಿಗೆ ಮೊದಲು ಸಿಗ್ನಲ್ ಕೊಟ್ಟನೇ, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಮತ್ತೆ ಎತ್ತಿದನೇ, ರಿವರ್ಸ್‌ನಲ್ಲಿ ನೇರ ಬಂದನೇ. ಕ್ಲೀನರ್ ಆಗಿ ವರ್ಷಗಟ್ಟಲೆ ಇದ್ದವರು ಎಡವುವುದು ಮೊದಲೆರಡರಲ್ಲಿ. ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ಠೀವಿಯನ್ನು ಅವತ್ತು ಮನೆಯಲ್ಲೇ ಬಿಟ್ಟು ಬನ್ನಿ.

ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಕೊಡಬಹುದು. ಮೂರು ಸಲ ಆಯಿತೆಂದರೆ 60 ದಿನ ಕಾಯಬೇಕು, ಮೇಲೆ ಸ್ಕೂಲಿನಲ್ಲಿ ಮತ್ತೆ ತರಬೇತಿಯನ್ನೂ ಪಡೆಯಬೇಕು.

ಕಾರ್ಡ್ ಬಂದ ಮೇಲೆ

ಪಾಸಾದ ಮೇಲೆ 'ಟ್ರಾನ್ಸ್' ಎಂದು ಸೇರಿಸಿದ ಹೊಸ ಕಾರ್ಡ್ ಬರುತ್ತದೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೂ ಪೊಲೀಸರು ಒಪ್ಪಬೇಕು. ಆ್ಯಪಿನಲ್ಲಿ ನಿಮ್ಮ ಲೈಸೆನ್ಸ್ ಕಾಣದಿದ್ದರೆ, ಮಾಡಿಸಿಕೊಟ್ಟವನು ಮೋಸ ಮಾಡಿದ್ದಾನೆಯೇ ಎಂದು ಅವತ್ತೇ ವಿಚಾರಿಸಿ. ಮಾಲೀಕರೂ ಈಗ ಕಾರ್ಡಿನ ಜೆರಾಕ್ಸ್ ನೋಡಿ ಸುಮ್ಮನಾಗುವುದಿಲ್ಲ, ನಂಬರ್ ಹಾಕಿ ನೋಡುತ್ತಾರೆ.

ಮೊದಲ ಲೋಡಿನಿಂದಲೇ ತೂಕದ ಲೆಕ್ಕ ನಿಮ್ಮದು. ಆರ್‌ಸಿಯ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಎಷ್ಟು ಹೊರಬಹುದೋ ಅಷ್ಟು. ಟೊಮೆಟೊ ಬಾಕ್ಸ್ 15 ಕೆ.ಜಿ. ಎಂದು ಹಿಡಿದರೆ 600 ಬಾಕ್ಸ್‌ಗೆ ಒಂಬತ್ತು ಟನ್, ಬಾಕ್ಸಿನ ಸ್ವಂತ ತೂಕ ಬೇರೆ. ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಆ ಸೆಕ್ಷನ್ 'ಓಡಿಸಿದವನು' ಎಂದೇ ಶುರುವಾಗುತ್ತದೆ, ಮಾಲೀಕ ಆಮೇಲೆ.

ದುಡಿಮೆಯ ಗಂಟೆಗೂ ಕಾನೂನಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಎಂಬ ಮಿತಿ. ಹಣ್ಣು ಕೊಳೆಯುವ ಮೊದಲು ಮಾರ್ಕೆಟ್ ಮುಟ್ಟಬೇಕಾದ ಟೊಮೆಟೊ ಲಾರಿಯಲ್ಲಿ ಇದನ್ನು ಯಾರು ಪಾಲಿಸುತ್ತಾರೆ ಎಂದು ನೀವು ನಗಬಹುದು. ದೂರದ ಟ್ರಿಪ್ಪಿಗೆ ಇಬ್ಬರು ಡ್ರೈವರ್ ಕೊಡುವ ಮಾಲೀಕರು ಸಿಕ್ಕರೆ, ಬತ್ತಾ ಸ್ವಲ್ಪ ಕಡಿಮೆಯಾದರೂ ಅಲ್ಲೇ ಸೇರಿ.

ಟ್ಯಾಂಕರ್ ಓಡಿಸುವ ಆಸೆಯಿದ್ದರೆ

ಮಾಲೂರಿನ ಪಕ್ಕದಲ್ಲೇ ಇರುವ ದೇವನಗೊಂದಿಯ ತೈಲ ಡಿಪೋಗಳಿಂದ ಪೆಟ್ರೋಲ್, ಡೀಸೆಲ್ ಟ್ಯಾಂಕರುಗಳು ಸುತ್ತಮುತ್ತಲ ಜಿಲ್ಲೆಗಳಿಗೆಲ್ಲ ಹೋಗುತ್ತವೆ. ಅದಕ್ಕೆ ಹೆವಿ ಲೈಸೆನ್ಸ್ ಒಂದೇ ಸಾಲದು. ಅಪಾಯಕಾರಿ ಸರಕು ಸಾಗಿಸುವವರಿಗೆಂದೇ ಮೂರು ದಿನದ ತರಬೇತಿ ಇದೆ, ಅದರ ಸರ್ಟಿಫಿಕೇಟ್ ಕೊಟ್ಟು ಲೈಸೆನ್ಸ್ ಮೇಲೆ ನಮೂದು ಮಾಡಿಸಬೇಕು. ಗ್ಯಾಸ್ ಸಿಲಿಂಡರ್, ಆಸಿಡ್ ಲಾರಿಗಳಿಗೂ ಇದೇ. ಇಲ್ಲಿ ಮಾತ್ರ ಓದು ಬರಹ ಬೇಕು: ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಮತ್ತು ಇಂಗ್ಲಿಷ್. ಕನ್ನಡವೋ ತೆಲುಗೋ ಯಾವುದಾದರೂ ನಡೆಯುತ್ತದೆ. ಟ್ಯಾಂಕರ್ ಮೇಲಿನ ಎಚ್ಚರಿಕೆಯ ಫಲಕ ಓದಲಾಗದಿದ್ದರೆ ಸೋರಿದಾಗ ಏನು ಮಾಡಬೇಕೆಂದು ತಿಳಿಯುವುದು ಹೇಗೆ?

ರಿನೀವಲ್

ಕಾರ್ಡಿನ ಮೇಲೆ ಎರಡು ತಾರೀಕುಗಳಿರುತ್ತವೆ. 'ಎನ್‌ಟಿ' ಅಂದರೆ ಕಾರು, ಬೈಕಿನದ್ದು. ಮೂವತ್ತರ ಒಳಗೆ ಮಾಡಿಸಿದವರಿಗೆ ಅದು ನಲವತ್ತು ತುಂಬುವವರೆಗೂ ನಡೆಯುತ್ತದೆ. 'ಟಿಆರ್' ಅಂದರೆ ಟ್ರಾನ್ಸ್‌ಪೋರ್ಟಿನದ್ದು, ಅದು ಐದೇ ವರ್ಷ. ಅಪಾಯಕಾರಿ ಸರಕಿನದ್ದಾದರೆ ಮೂರು. ದೂರದ ತಾರೀಕು ಕಣ್ಣಿಗೆ ಬಿದ್ದು ಹತ್ತಿರದ್ದನ್ನು ಮರೆತವರು ಬಹಳ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಊರ್ಜಿತ ಎಂಬ ರಿಯಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ಈಗ ಟಿಆರ್ ತಾರೀಕು ದಾಟಿದ ಮರುದಿನ ಲಾರಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ, ವಿಮೆಯ ತಕರಾರು ಮತ್ತೆ ಅಲ್ಲಿಂದಲೇ ಶುರು.

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ರಿನೀವಲ್‌ಗೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷದವರೆಗೂ ಟೆಸ್ಟ್ ಇಲ್ಲದೆ ಆಗುತ್ತದೆ, ಅದರಾಚೆಗೆ ಹೋದರೆ ಮತ್ತೆ ಟೆಸ್ಟ್. ಪ್ರತಿ ಸಲವೂ ಹೊಸ ಫಾರಂ 1ಎ ಬೇಕು. ಟೊಮೆಟೊ ಸೀಸನ್ನಿನಲ್ಲಿ ಊರಿಗೆ ಬಂದು ಕಚೇರಿಗೆ ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ, ಆದ್ದರಿಂದ ಬಾಡಿಗೆ ಕಡಿಮೆ ಇರುವ ತಿಂಗಳಿನಲ್ಲೇ ಈ ಕೆಲಸ ಮುಗಿಸಿಕೊಳ್ಳಿ. ಮನೆ ಬದಲಾಯಿಸಿದ್ದರೆ ಅದೇ ಅರ್ಜಿಯಲ್ಲಿ ವಿಳಾಸವನ್ನೂ ತಿದ್ದಿಸಿ.